ಅಂಬುಜಾಳಿಗೆ ಬರೆದ ಶಿಫಾರಸು ಪತ್ರ

ಧಾರವಾಡದಲ್ಲಿ ಶೈಲಶ್ರೀ ಎಂಬ ಹುಡುಗಿ ಓದುತ್ತಿದ್ದಳು. ಊರು ರೋಣ. ತಾಯಿ ಕಸ್ತೂರೆವ್ವ ಅಂಗನವಾಡಿ ಶಿಕ್ಷಕಿ. ಇಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದಾಗ, ವಿದೇಶಕ್ಕೆ ಹೋಗಿ ಕಂಪ್ಯೂಟರ್ ಸೈನ್ಸಿನಲ್ಲಿ ಮಾಸ್ಟರ್ಸ್ ಮಾಡಬೇಕೆಂಬ ಆಸೆ ಅವಳಲ್ಲಿ ಹುಟ್ಟಿತು.

ಅವಳಿಗೆ ಅಂಕಗಳ ಕೊರತೆ ಇರಲಿಲ್ಲ. ಆದರೆ ಇದು ನಾನು ಮಾಡಿದ್ದು ಎಂದು ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಕಾಲೇಜಿನ ಪ್ರಾಜೆಕ್ಟನ್ನು ನಾಲ್ವರು ಸೇರಿ ಮಾಡಿದ್ದರು. ಅಂದರೆ ಒಬ್ಬ ಮಾಡಿದ್ದ, ಉಳಿದ ಮೂವರು ಹೆಸರು ಹಾಕಿಸಿಕೊಂಡಿದ್ದರು.

ಯುರೋಪಿನ ಒಂದು ವಿಶ್ವವಿದ್ಯಾಲಯಕ್ಕೆ ಅವಳು ಅರ್ಜಿ ತುಂಬಿದಳು. ಮೂವರು ಅಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು. ಎರಡು ಸಿಕ್ಕವು. ಮೂರನೆಯದಕ್ಕೆ ದೊಡ್ಡ ಹೆಸರಿನವರೊಬ್ಬರು ಇದ್ದರೆ ಚೆನ್ನ ಎಂದು ಅವಳಿಗೆ ಅನಿಸಿತು. ಆಗ ಹೊಂಬಳ ಸರ್ ನೆನಪಾದರು. ಅರ್ಜಿಯಲ್ಲಿ ಅವರ ಹೆಸರನ್ನೂ ಮೇಲ್ ವಿಳಾಸವನ್ನೂ ಕೊಟ್ಟಳು. ಅವರು ಮೂವತ್ತು ವರ್ಷ ಪಾಠ ಹೇಳಿದವರು. ಅವರ ಪತ್ರವೆಂದರೆ ಹೊರದೇಶದಲ್ಲೂ ಜನ ಗಮನವಿಟ್ಟು ಓದುತ್ತಿದ್ದರು. ಶೈಲಶ್ರೀಗೆ ಮೊದಲ ವರ್ಷ ನಾಲ್ಕು ತಿಂಗಳು ಪಾಠ ಮಾಡಿ ನಿವೃತ್ತರಾಗಿದ್ದರು.

ಒಂದು ಮಧ್ಯಾಹ್ನ ಅವಳು ಕೆಲಗೇರಿ ರಸ್ತೆಯಲ್ಲಿದ್ದ ಅವರ ಮನೆಗೆ ಹೋದಳು. ಸರ್ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅವಳನ್ನು ನೋಡಿದ ಕೂಡಲೇ ಅವರ ಮುಖ ಅರಳಿತು.

"ಅಂಬುಜಾ! ಬಂದಿ ಏನವಾ? ಎಷ್ಟು ದಿವಸ ಆತು! ನಿನ್ನ ಪತ್ರ ಬರಿಯೋದು ಹಂಗ ಉಳದೈತಿ ನೋಡು."

ಸರ್‌ಗೆ ಮರೆವಿನ ಕಾಯಿಲೆ ಎಂದು ಅವಳು ಕೇಳಿದ್ದಳು. ನಾನು ಅಂಬುಜಾ ಅಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವರು, "ಕೂಡು, ಬರ್ಕೋ. ಇವತ್ತು ಮುಗಿಸೇ ಬಿಡೂಣು" ಎಂದರು.

ಅವಳು ಕೂತಳು. ಸರ್ ಅವರ ಲ್ಯಾಪ್‌ಟಾಪಿನಲ್ಲಿ ವಿಶ್ವವಿದ್ಯಾಲಯ ಕಳಿಸಿದ ಮೇಲ್ ತೆರೆದಳು. ಅರ್ಜಿದಾರರ ಹೆಸರಿನ ಜಾಗದಲ್ಲಿ ಅವಳ ಹೆಸರೇ ಇತ್ತು. ಸರ್ ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ಅವಳು ಟೈಪ್ ಮಾಡುತ್ತಾ ಹೋದಳು. ಕಣ್ಣು ಕಾಣದ ಮಕ್ಕಳಿಗಾಗಿ ಕನ್ನಡ ಪಾಠಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಈ ಹುಡುಗಿ ಒಬ್ಬಳೇ ಕಟ್ಟಿದ್ದಾಳೆ. ಅಂಧ ಮಕ್ಕಳ ಶಾಲೆಗೆ ಎರಡು ವರ್ಷ ಪ್ರತಿ ಭಾನುವಾರ ಹೋಗಿದ್ದಾಳೆ. ಕನ್ನಡದ ಒತ್ತಕ್ಷರಗಳನ್ನು ಕಂಪ್ಯೂಟರ್ ತಪ್ಪಾಗಿ ಓದುತ್ತಿತ್ತು. ಆ ತೊಡಕನ್ನು ತಾನೇ ಬಿಡಿಸಿದ್ದಾಳೆ. ಮೂವತ್ತು ವರ್ಷದಲ್ಲಿ ಇಂಥ ಇನ್ನೊಬ್ಬ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

"ಒಮ್ಮೆ ಓದಿ ತೋರಸು" ಎಂದರು ಸರ್.

ಅವಳು ಓದಿದಳು. ಪರದೆಯ ಮೇಲೆ 'ಶೈಲಶ್ರೀ' ಎಂದು ಇದ್ದಲ್ಲೆಲ್ಲ ಬಾಯಲ್ಲಿ 'ಅಂಬುಜಾ' ಎಂದಳು. ಒಂದು ಕಡೆಯೂ ತಡವರಿಸಲಿಲ್ಲ. ಸರ್ ಕಣ್ಣಲ್ಲಿ ನೀರು ಬಂತು. "ಕಳಸು" ಎಂದು ಹೇಳಿ, ಮುಖ ತೊಳೆಯಲು ಹಿತ್ತಲಿಗೆ ಹೋದರು.

ಅವರ ಹೆಂಡತಿ ನೀಲಕ್ಕ ಚಹಾ ತಂದರು. ದನಿ ತಗ್ಗಿಸಿ, "ನಿನಗ ಅಂಬುಜಾ ಅಂದ್ರಲ್ಲ, ಬ್ಯಾಸರ ಮಾಡ್ಕೋಬ್ಯಾಡ ತಂಗಿ" ಎಂದರು. "ಅಕಿ ಅಂಬುಜಾ ಕಟ್ಟೀಮನಿ ಅಂತ, ಲಕ್ಷ್ಮೇಶ್ವರದ ಹುಡುಗಿ. ಪತ್ರ ಕೇಳಾಕ ಬಂದಿದ್ಲು. ಇವರು ನಾಳೆ ಬರೀತೀನಿ, ನಾಡದ್ದು ಬರೀತೀನಿ ಅಂದ್ರು. ಅಷ್ಟರಾಗ ಡೆಂಗಿ ಜ್ವರ ಬಂದು ತೀರ್ಕೊಂಡ್ಲು. ಎಂಟು ವರ್ಷ ಆತು. ಎಲ್ಲಾ ಮರತಾರ, ಅದೊಂದು ಮರತಿಲ್ಲ."

ಶೈಲಶ್ರೀ ಚಹಾ ಲೋಟ ಕೈಗೆ ತೆಗೆದುಕೊಂಡಳು.

"ನಿನ್ನ ಪತ್ರ ನಿನ್ನ ಹೆಸರಿಗೇ ಬರದಾರಲ್ಲ? ಸರಿಯಾಗಿ ನೋಡ್ಕೊ."

"ಹೂಂ ರೀ ಅಕ್ಕಾರ. ನನ್ನ ಹೆಸರಿಗೇ ಐತಿ."

ನೀಲಕ್ಕ ಒಳಗೆ ಹೋದರು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಸತ್ತವಳಿಗೆ ಪತ್ರದಿಂದ ಏನಾಗಬೇಕು, ನನಗಾದರೆ ಜೀವನ ಇದೆ ಎಂದುಕೊಂಡು ಶೈಲಶ್ರೀ ಗುಂಡಿ ಒತ್ತಿದಳು. ಪತ್ರ ಹೋಯಿತು.

ಅಂದು ಸಂಜೆ ತಾಯಿಗೆ ಫೋನ್ ಮಾಡಿದಳು. ಶೈಲಶ್ರೀ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಎರಡು ಮಾತಾಡುವುದರೊಳಗೆ ಕಸ್ತೂರೆವ್ವ ಕೇಳಿದರು, "ನಿನ್ನ ಬಾಜೂಕ ಯಾರದಾರ?"

"ಯಾರೂ ಇಲ್ಲಬೇ."

"ಯಾರೋ ಪುಸ್ತಕ ಓದಾಕತ್ತಾರಲ್ಲ. ಸಣ್ಣ ಹುಡುಗರಿಗೆ ಓದಿ ಹೇಳಿದಂಗ, ಒಂದೊಂದಽ ಅಕ್ಷರ ಬಿಡಿಸಿ."

ಶೈಲಶ್ರೀ ಕಿವಿಗೊಟ್ಟು ಕೇಳಿದಳು. ಫ್ಯಾನ್ ತಿರುಗುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಪಕ್ಕದ ಮನೆಯ ಟಿ.ವಿ. ಇರಬೇಕು ಎಂದಳು. ಪಕ್ಕದ ಮನೆಗೆ ಬೀಗ ಬಿದ್ದು ತಿಂಗಳಾಗಿತ್ತು.

ಆಮೇಲೆ ತಾಯಿ ಪ್ರತಿ ಸಲವೂ ಅದೇ ಕೇಳತೊಡಗಿದರು. ಶೈಲಶ್ರೀ ಫೋನ್ ಮಾಡುವುದನ್ನೇ ಕಡಿಮೆ ಮಾಡಿದಳು.

ಮೂರು ವಾರದ ನಂತರ ವಿಶ್ವವಿದ್ಯಾಲಯದಿಂದ ಮೇಲ್ ಬಂತು. ನಿಮ್ಮ ಶಿಫಾರಸು ಪತ್ರ ನಮ್ಮ ಗಮನ ಸೆಳೆದಿದೆ, ವಿಡಿಯೊದಲ್ಲಿ ಸಂದರ್ಶನ ಇದೆ, ಕೋಣೆಯಲ್ಲಿ ನೀವೊಬ್ಬರೇ ಇರಬೇಕು ಎಂದು ಬರೆದಿದ್ದರು.

ಸಂದರ್ಶನ ಇದ್ದದ್ದು ಮಧ್ಯಾಹ್ನ ಎರಡೂವರೆಗೆ. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಶೈಲಶ್ರೀ ಬಾಗಿಲಿಗೆ ಚಿಲಕ ಹಾಕಿ, ಗೋಡೆಗೆ ಬೆನ್ನು ಮಾಡಿ ಕೂತಳು. ಪರದೆಯ ಮೇಲೆ ನರೆಗೂದಲಿನ ಪ್ರಾಧ್ಯಾಪಕಿಯೊಬ್ಬರು ಕಾಣಿಸಿದರು. ನಗುತ್ತಾ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದರು. ಆಮೇಲೆ ಮೃದುವಾಗಿ, "ನಿಮ್ಮ ಹಿಂದೆ ನಿಂತಿರುವವರನ್ನು ದಯವಿಟ್ಟು ಹೊರಗೆ ಕಳಿಸುತ್ತೀರಾ?" ಎಂದರು.

ಶೈಲಶ್ರೀ ತಿರುಗಿ ನೋಡಿದಳು. ಸುಣ್ಣದ ಗೋಡೆ, ಒಂದು ಕ್ಯಾಲೆಂಡರ್.

"ಇಲ್ಲಿ ಯಾರೂ ಇಲ್ಲ ಮೇಡಂ."

"ಎರಡು ಜಡೆಯ ಹುಡುಗಿ. ನಿಮ್ಮ ಗೆಳತಿ ಇರಬಹುದು. ಪರವಾಗಿಲ್ಲ, ಆದರೆ ನಿಯಮ ಇದೆ."

ಶೈಲಶ್ರೀ ಲ್ಯಾಪ್‌ಟಾಪ್ ಎತ್ತಿ ಕೋಣೆಯ ನಾಲ್ಕೂ ಮೂಲೆ ತೋರಿಸಿದಳು. ಮಂಚ, ಕಪಾಟು, ಚಿಲಕ ಹಾಕಿದ ಬಾಗಿಲು. "ಸರಿ, ಹೋದರು. ಧನ್ಯವಾದ" ಎಂದರು ಪ್ರಾಧ್ಯಾಪಕಿ. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಶೈಲಶ್ರೀಗೆ ತನ್ನ ಮುಖವೊಂದೇ ಕಾಣುತ್ತಿತ್ತು.

ಪ್ರಶ್ನೆ ಶುರುವಾಯಿತು. "ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಅಂಟಿಕೊಂಡಿರುತ್ತದಲ್ಲ, ಆ ತೊಡಕನ್ನು ಹೇಗೆ ಬಿಡಿಸಿದಿರಿ?"

ಶೈಲಶ್ರೀ ರಾತ್ರಿ ಹಗಲು ಅಂತರ್ಜಾಲದಲ್ಲಿ ಹುಡುಕಿ ಒಂದಷ್ಟು ಓದಿಕೊಂಡಿದ್ದಳು. ಅದೆಲ್ಲ ಆ ಕ್ಷಣ ಹಾರಿಹೋಯಿತು. ಪ್ರಾಧ್ಯಾಪಕಿ ಪರದೆಯ ಹತ್ತಿರ ಬಾಗಿದರು.

"ಅವರು ಮತ್ತೆ ಬಂದಿದ್ದಾರೆ. ನಿಮ್ಮ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಾರೆ. ನನಗೆ ಕೇಳುತ್ತಿಲ್ಲ."

ಶೈಲಶ್ರೀಯ ಕುತ್ತಿಗೆಯ ಮೇಲೆ ತಣ್ಣಗೆ ಉಸಿರು ಬಿದ್ದಂತಾಯಿತು. ಹಿಂದೆಯೇ ಉತ್ತರ ಅವಳ ನಾಲಿಗೆಯ ಮೇಲೆ ಬಂದು ಕೂತಿತು. ಓದಿದ್ದಲ್ಲ, ಕಲಿತದ್ದಲ್ಲ. ಹೇಳಿದರೆ ಸೀಟು ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೇಳಿಬಿಟ್ಟಳು.

"ಒತ್ತಕ್ಷರವನ್ನು ಬೇರೆ ಅಕ್ಷರ ಅಂತ ನೋಡಬಾರದು. ಮೇಲಿನದನ್ನೂ ಕೆಳಗಿನದನ್ನೂ ಒಂದೇ ಚೌಕದಲ್ಲಿ ಇಡಬೇಕು. ಸಾಲನ್ನು ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತಾ ಬರಬೇಕು."

ಪ್ರಾಧ್ಯಾಪಕಿಯ ಕಣ್ಣು ಹೊಳೆಯಿತು. "ಬಹಳ ಚೆನ್ನಾಗಿದೆ" ಎಂದು ಬರೆದುಕೊಂಡರು. ಬಿಡುವು ಕೊಡುವ ಹಾಗೆ ಸುಲಭದ ಪ್ರಶ್ನೆ ಕೇಳಿದರು. "ನಿಮ್ಮ ಊರು ಯಾವುದು?"

"ಲಕ್ಷ್ಮೇಶ್ವರ" ಎಂದಳು ಶೈಲಶ್ರೀ.

ಹೇಳಿದ ಮೇಲೆ ಅವಳಿಗೆ ದಿಗಿಲಾಯಿತು. ಅಲ್ಲ, ನನ್ನ ಊರು ಅದಲ್ಲ. ಹಾಗಾದರೆ ಯಾವುದು? ನೆನಪಿಗೆ ಬರಲಿಲ್ಲ. ಕಂಡದ್ದು ಕರಿ ಕಲ್ಲು ಹಾಸಿದ ಅಂಗಳ, ತಂತಿಯ ಮೇಲೆ ಒಣಗಿದ ಹಳದಿ ಲಂಗ. ಆ ಮನೆಯನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಆದರೂ ಅದು ತನ್ನದೆನಿಸುತ್ತಿತ್ತು.

"ತಾಯಿ ಏನು ಮಾಡುತ್ತಾರೆ?"

ತಾಯಿಯ ಹೆಸರು ಏನು? ಮುಖ ಹೇಗಿದೆ? ಅವಳು ಹುಡುಕಿದಳು. ಸಿಕ್ಕಿದ್ದು ಬೇರೆ ಯಾವುದೋ ಹೆಂಗಸಿನ ಮುಖ. ತಾಯಿ ಪ್ರತಿ ಸಲ ಫೋನಿನಲ್ಲಿ ತನ್ನನ್ನು ಹೇಗೆ ಕರೆಯುತ್ತಿದ್ದರು ಎಂಬುದೂ ಅಳಿಸಿಹೋಗಿತ್ತು. ಇನ್ನೊಂದು ಉತ್ತರ ಹೇಳಿದರೆ ತನ್ನದು ಎನ್ನುವುದು ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಅನಿಸಿತು. ಅವಳು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಲ್ಲಿಸಿ ಮೇಡಂ. ಆ ಪತ್ರ ನನ್ನದಲ್ಲ."

ಅಳುತ್ತಲೇ ಎಲ್ಲವನ್ನೂ ಹೇಳಿದಳು. ಸರ್ ಅವರ ಮರೆವು, ಅಂಬುಜಾ ಎಂಬ ಹುಡುಗಿ, ಅವಳು ಸತ್ತದ್ದು, ತಿಳಿದ ಮೇಲೂ ತಾನು ಗುಂಡಿ ಒತ್ತಿದ್ದು. ಹೇಳುತ್ತಿದ್ದಂತೆ ರೋಣ ಎಂಬ ಹೆಸರು ನೆನಪಿಗೆ ಬಂತು. ಅಂಗನವಾಡಿಯ ನೀಲಿ ಬಾಗಿಲು ಬಂತು. ಕಸ್ತೂರೆವ್ವನ ಮುಖ ಬಂತು.

ಪ್ರಾಧ್ಯಾಪಕಿ ಪೂರ್ತಿ ಕೇಳಿದರು. ಕೊನೆಗೆ, "ಈ ಅರ್ಜಿಯನ್ನು ನಾನು ಮುಚ್ಚಲೇಬೇಕು. ನೀವಾಗಿ ಹೇಳಿದಿರಿ ಎಂದೂ ಬರೆಯುತ್ತೇನೆ" ಎಂದರು. ಕರೆ ಮುಗಿಸುವ ಮುನ್ನ ಪರದೆಯತ್ತ ಇನ್ನೊಮ್ಮೆ ನೋಡಿ, "ಈಗ ನೀವು ಒಬ್ಬರೇ ಇದ್ದೀರಿ" ಎಂದರು.

ಮರುದಿನ ಶೈಲಶ್ರೀ ನೀಲಕ್ಕನ ಮುಂದೆ ನಿಂತು ತಪ್ಪು ಒಪ್ಪಿಕೊಂಡಳು. ನೀಲಕ್ಕನ ಮುಖ ಕೆಂಪಾಯಿತು. "ನನ್ನ ಗಂಡನ ಬುದ್ಧಿ ಕೆಟ್ಟೈತಿ ಅಂತ ತಿಳದು ಬಂದಿದ್ದಿ ಏನು? ಮರವಿನ ಮನುಷ್ಯಾನ ಬಾಯಾಗಿಂದ ಕದ್ದಿಯಲ್ಲ!" ಶೈಲಶ್ರೀ ತಲೆ ಎತ್ತಲಿಲ್ಲ. ಬೈದು ಸುಸ್ತಾದ ಮೇಲೆ ನೀಲಕ್ಕ ಕೂತು ಕಣ್ಣೊರೆಸಿಕೊಂಡರು. "ಅಳತೀ ಯಾಕ? ಪತ್ರ ಯಾರದೋ ಅವರಿಗೆ ಮುಟ್ಟಸು" ಎಂದರು.

ಶೈಲಶ್ರೀ ಪತ್ರದಲ್ಲಿ ತನ್ನ ಹೆಸರು ತೆಗೆದು ಅಂಬುಜಾಳ ಹೆಸರು ಹಾಕಿ, ಪ್ರಿಂಟ್ ತೆಗೆಸಿದಳು. ಸರ್ ಸಹಿ ಮಾಡಿದರು. ಅದನ್ನು ತೆಗೆದುಕೊಂಡು ಲಕ್ಷ್ಮೇಶ್ವರದ ಬಸ್ ಹತ್ತಿದಳು.

ಕಟ್ಟೀಮನಿ ಅವರ ಮನೆಯ ಬಾಗಿಲು ತೆರೆದ ಹೆಂಗಸನ್ನು ನೋಡಿ ಅವಳು ಹೊಸ್ತಿಲಲ್ಲೇ ನಿಂತಳು. ಸಂದರ್ಶನದ ಹೊತ್ತಿಗೆ ಕಣ್ಣ ಮುಂದೆ ಬಂದಿದ್ದ ಮುಖ ಅದೇ. ಅಂಗಳಕ್ಕೆ ಕರಿ ಕಲ್ಲು ಹಾಸಿತ್ತು.

ಅಂಬುಜಾಳ ತಾಯಿ ಬಸಲಿಂಗವ್ವ ಅವಳನ್ನು ಒಳಗೆ ಕರೆದು ಕೂರಿಸಿದರು. ಇಂಗ್ಲಿಷ್ ಅವರಿಗೆ ಬಾರದು. ಶೈಲಶ್ರೀ ಪತ್ರವನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಈ ಸಲ ಕಾಗದದಲ್ಲಿದ್ದ ಹೆಸರೂ ಬಾಯಲ್ಲಿದ್ದ ಹೆಸರೂ ಒಂದೇ ಆಗಿತ್ತು. ಬಸಲಿಂಗವ್ವ ಮಿಸುಕದೆ ಕೇಳಿದರು.

"ಸರ್ ಪತ್ರ ಬಂತೇನಬೇ ಅಂತ ಜ್ವರದಾಗೂ ಕೇಳತಿದ್ಲು" ಎಂದರು. ಆಮೇಲೆ ಕಪಾಟಿನಿಂದ ಮಗಳ ನೋಟ್‌ಬುಕ್ ತಂದು ಕೊಟ್ಟರು. ಶೈಲಶ್ರೀ ಹಾಳೆ ತಿರುವಿದಳು. ಒಂದು ಪುಟದಲ್ಲಿ ದುಂಡು ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು: ಒತ್ತಕ್ಷರವನ್ನು ಬೇರೆ ಅಕ್ಷರ ಅಂತ ನೋಡಬಾರದು. ಮುಂದಿನ ಸಾಲುಗಳೂ ತಾನು ಅಂದು ಆಡಿದ ಮಾತುಗಳೇ, ಒಂದು ಪದ ಆಚೀಚೆ ಇಲ್ಲದೆ.

ಅವಳು ಆ ತಾಯಿಗೂ ಎಲ್ಲವನ್ನೂ ಹೇಳಿದಳು. ಬಸಲಿಂಗವ್ವ ಸಿಟ್ಟಾಗಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಒಂದು ಮಾತು ಕೇಳಿದರು.

"ಯವ್ವಾ, ನಿನ್ನ ಬಗ್ಗೆ ಬರಿಯಾಕ ಯಾರಿಗೂ ಏನೂ ಇರಲಿಲ್ಲೇನು?"

ಶೈಲಶ್ರೀ ನೋಟ್‌ಬುಕ್ಕನ್ನು ಅವರ ಕೈಗೆ ಮರಳಿಸಿ ಎದ್ದಳು. ಧಾರವಾಡಕ್ಕೆ ಬರುವವರೆಗೂ ಬಸ್ಸಿನಲ್ಲಿ ಆ ಪ್ರಶ್ನೆಯೇ ಅವಳನ್ನು ಕಾಡಿತು. ನೀಲಕ್ಕನ ಬೈಗುಳ ಕೂಡ ಅಷ್ಟು ನೋಯಿಸಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವಳು ಊರಿಗೆ ಹೋಗಲಿಲ್ಲ. ಅಂಧ ಮಕ್ಕಳ ಶಾಲೆಗೆ ಹೋಗಿ, ಏನಾದರೂ ಕೆಲಸ ಕೊಡಿ ಎಂದು ಕೇಳಿದಳು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಮಹಾದೇವಿ ಟೀಚರ್ ಅವಳನ್ನು ನಂಬಲು ಎರಡು ತಿಂಗಳು ಹಿಡಿಯಿತು. ಗಣಿತದ ಚಿಹ್ನೆಗಳನ್ನು ಮಕ್ಕಳಿಗೆ ಓದಿ ಹೇಳುವ ಚಿಕ್ಕ ತಂತ್ರಾಂಶವೊಂದನ್ನು ಅವಳು ಬರೆಯತೊಡಗಿದಳು. ಅದು ಅನೇಕ ಸಲ ಕೆಟ್ಟಿತು. ಭಾಗಾಕಾರವನ್ನು ಗುಣಾಕಾರ ಎಂದು ಓದಿ ಮಕ್ಕಳನ್ನು ನಗಿಸಿತು. ವರ್ಷ ಮುಗಿಯುವ ಹೊತ್ತಿಗೆ ಆರನೇ ತರಗತಿಯ ಮಟ್ಟಿಗೆ ಸರಿಯಾಗಿ ಓದತೊಡಗಿತು.

ಮತ್ತೆ ಅರ್ಜಿ ಹಾಕುವಾಗ ಮೂರನೆಯ ಪತ್ರವನ್ನು ಮಹಾದೇವಿ ಟೀಚರ್ ಬರೆದರು. ಅದರಲ್ಲಿ ಇದ್ದದ್ದು ಐದೇ ಸಾಲು. "ಈ ಹುಡುಗಿ ಬಹಳ ಬುದ್ಧಿವಂತೆ ಎಂದು ನಾನು ಹೇಳಲಾರೆ. ಕೆಟ್ಟದ್ದನ್ನು ಮತ್ತೆ ಸರಿ ಮಾಡುವವರೆಗೆ ಎದ್ದು ಹೋಗುವುದಿಲ್ಲ. ಒಮ್ಮೆ ದೊಡ್ಡ ತಪ್ಪು ಮಾಡಿದ್ದಾಳೆ. ಅದನ್ನು ನನಗೆ ತಾನೇ ಹೇಳಿದ್ದಾಳೆ. ಇವಳು ಮಾಡಿದ ತಂತ್ರಾಂಶವನ್ನು ನಮ್ಮ ಮಕ್ಕಳು ದಿನವೂ ಬಳಸುತ್ತಾರೆ."

ನಾಲ್ಕು ವಿಶ್ವವಿದ್ಯಾಲಯಗಳು ಆಗುವುದಿಲ್ಲ ಎಂದವು. ಐದನೆಯದು, ಯಾರೂ ಹೆಚ್ಚು ಹೆಸರು ಕೇಳಿರದ ಒಂದು ಊರಿನದು, ಬನ್ನಿ ಎಂದಿತು. ಶೈಲಶ್ರೀ ಆ ಮೇಲನ್ನೂ ಟೀಚರ್ ಬರೆದ ಪತ್ರವನ್ನೂ ಫೋನಿನಲ್ಲಿ ತಾಯಿಗೆ ಓದಿ ಹೇಳಿದಳು. ಕಸ್ತೂರೆವ್ವ ಪೂರ್ತಿ ಕೇಳಿ, "ಟೀಚರ್ ಖರೇನಽ ಬರದಾರ" ಎಂದು ನಕ್ಕರು.

ನೀತಿ: ಇನ್ನೊಬ್ಬರಿಗೆ ಸಲ್ಲಬೇಕಾದ ಹೊಗಳಿಕೆಯನ್ನು ನಮ್ಮ ಹೆಸರಿಗೆ ಬರೆಸಿಕೊಂಡರೆ, ಅವರ ಬದುಕು ಒಳಗೆ ಬಂದು ನಮ್ಮದನ್ನು ಹೊರಗೆ ತಳ್ಳುತ್ತದೆ. ನಾವು ನಿಜವಾಗಿ ಮಾಡಿದ್ದು ಐದೇ ಸಾಲಿನಷ್ಟಿದ್ದರೂ ಸಾಕು. ಅಷ್ಟರಲ್ಲಿ ನಿಂತು ಯಾರು ಏನು ಕೇಳಿದರೂ ಹೆದರದೆ ಉತ್ತರ ಕೊಡಬಹುದು.