ಗಡಿ ದಾಟಿದ ಸೂತಕ

ಸೇಲಂನಲ್ಲಿ ಕಾರು ಓಡಿಸುತ್ತಾ ಫೋನಿನಲ್ಲಿ ಹರಟಿ ಕೇಸು ಹಾಕಿಸಿಕೊಂಡವರು ಅನಂತ ಶೆಟ್ಟರು. ಮೈಸೂರಿನ ಮನೆಗೆ ನೋಟಿಸು ಬಂದಾಗ ಡ್ರೈವರ್ ಕೆಂಚಪ್ಪನನ್ನು ಕರೆದರು.

"ನೀನೇ ಓಡಿಸ್ತಿದ್ದೆ ಅಂತ ಒಪ್ಕೊಂಡುಬಿಡು. ತಮಿಳುನಾಡಿನ ಕೇಸು ಇಲ್ಲಿನ ಲೈಸೆನ್ಸಿಗೆ ಅಂಟಲ್ಲ ಕಣೋ."

ಲೈಸೆನ್ಸು ಹೋದರೆ ಕೆಂಚಪ್ಪನ ಮನೆಯ ಒಲೆ ಉರಿಯುವುದಿಲ್ಲ. ಅವನು ತಲೆ ಕೆರೆದುಕೊಂಡ.

"ಯಜಮಾನ್ರೇ, ನಿಮ್ಮ ಚಿಕ್ಕಪ್ಪ ಸೇಲಂನಲ್ಲಿ ತೀರಿಕೊಂಡಾಗ ಇಲ್ಲಿ ಸೂತಕ ಯಾರಿಗೆ ಬಂತು?"

"ನನಗೇ. ಸೂತಕಕ್ಕೆ ಗಡಿ ಎಲ್ಲಿದೆಯೋ?"

"ನಿಮ್ಮ ಬದಲು ನಾನು ಹಿಡಿಯೋಕಾಗ್ತಿತ್ತಾ?"

"ಥೂ, ನೀನ್ಯಾಕೆ? ದಾಯಾದಿಗಳಿಗೆ ಮಾತ್ರ."

"ಇದೂ ಹಂಗೇ ಯಜಮಾನ್ರೇ. ಸ್ಟೇರಿಂಗ್ ಹಿಡಿದೋರೇ ದಾಯಾದಿ."

ಎಲ್ಲ ಕೇಳಿಸಿಕೊಂಡಿದ್ದ ಶೆಟ್ಟರ ಹೆಂಡತಿ ಒಳಗಿನಿಂದ ಕೂಗಿದರು:

"ರೀ, ಏನನ್ನೂ ಮುಟ್ಟಬೇಡಿ! ಮೊದಲು ದಂಡ ಕಟ್ಟಿ, ತಲೆಗೆ ನೀರು ಹಾಕ್ಕೊಂಡು ಒಳಗೆ ಬನ್ನಿ."