ಮೂರನೆಯ ಮೇಣದಬತ್ತಿ

ಯಾರ್ಕ್‌ಶೈರಿನ ಬೋಳು ಗುಡ್ಡಗಳ ನಡುವೆ ಕೆಲ್ಡರ್‌ಬೆಕ್ ಎಂಬ ಹಳ್ಳಿಯಿದೆ. ಅದರ ಒಂದೇ ಬೀದಿಯ ಕೊನೆಯಲ್ಲಿ, ತಲೆ ತಗ್ಗಿಸಿ ಒಳಗೆ ಹೋಗಬೇಕಾದ ಒಂದು ಹಳೆಯ ಪಬ್ಬು. ಹೊರಗಿನ ಹಲಗೆಯ ಮೇಲೆ ಮೂರು ಮೇಣದಬತ್ತಿಗಳ ಚಿತ್ರ; ಮೂರೂ ಆರಿವೆ. ಬಾಗಿಲ ಮೇಲೊಂದು ಪೊರಕೆ. ಪಬ್ಬಿನ ಹೆಸರೇ 'ಮೂರನೆಯ ಮೇಣದಬತ್ತಿ'. ಈ ದೇಶದಲ್ಲಿ ಪಬ್ಬೆಂದರೆ ಬರೀ ಹೆಂಡದಂಗಡಿಯಲ್ಲ, ಊರವರು ಉಂಡು ಹರಟುವ ಚಾವಡಿ. ಇಲ್ಲಿನ ಏಲ್ ಎಂಬ ಬಾರ್ಲಿಯ ಮದ್ಯ ಕಾರ್ಖಾನೆಯಿಂದ ಬರುವುದಿಲ್ಲ. ಕೆಳಗಿನ ನೆಲಮಾಳಿಗೆಯಲ್ಲೇ ಹುದುಗಿ, ಬಟ್ಟಲಿಗೆ ಬೀಳುವವರೆಗೂ ಪೀಪಾಯಿಯೊಳಗೆ ಜೀವ ಹಿಡಿದುಕೊಂಡಿರುತ್ತದೆ. ನಾನು ಅದನ್ನು ಕುಡಿದವಳಲ್ಲ. ನೆರೆಮನೆಯ ಡೋರೀನ್ ಆಲೂಗಡ್ಡೆ, ಬಟಾಣಿ ತುಂಬಿದ ಬಿಸಿ ಪೈ ತಿನ್ನಿಸಲೆಂದು ಕರೆದುಕೊಂಡು ಹೋಗಿದ್ದಳು. ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ಹಳೆಯ ಮೇಣದಬತ್ತಿ, ಪಕ್ಕದ ಮೊಳೆಯಲ್ಲಿ ನೆಗ್ಗಿದ ಒಂದು ತವರದ ಬಟ್ಟಲು ಕಂಡು, ಇವೇಕೆ ಎಂದು ಕೇಳಿದೆ. ಒಡತಿ ವಿನಿಫ್ರೆಡ್ ಕೈ ಒರೆಸಿಕೊಂಡು ಬಂದು ಕೂತಳು.

ಹಿಂದೆ ಒಮ್ಮೆ, ಮುನ್ನೂರು ವರ್ಷಗಳಾಚೆ ಎನ್ನುತ್ತಾರೆ, ಈ ಮನೆಯಲ್ಲಿ ಹೆಸ್ಟರ್ ಎಂಬ ವಿಧವೆ ಏಲ್ ಕಾಯಿಸಿ ಮಾರುತ್ತಿದ್ದಳು. ಹೊಸ ಏಲ್ ಹದಕ್ಕೆ ಬಂದಾಗ ಬಾಗಿಲ ಮೇಲೆ ಪೊರಕೆ ತೂಗುಹಾಕುವುದು ಆ ಸೀಮೆಯ ಪದ್ಧತಿ. ಪೊರಕೆ ಕಂಡರೆ ಊರು ನೇಮಿಸಿದ ರುಚಿಗಾರ ಬಂದು ಕುಡಿದು ನೋಡಬೇಕು. ಅವನು ಒಪ್ಪಿದರೆ ಮಾತ್ರ ಮಾರಾಟ. ಒಳ್ಳೆಯದನ್ನು ತೋರಿಸಿ ಕೆಟ್ಟದ್ದನ್ನು ಮಾರಬಾರದೆಂದು, ರುಚಿಗಾರ ತಾನೇ ನೆಲಮಾಳಿಗೆಗೆ ಇಳಿದು ಕೈಯಾರೆ ಬಟ್ಟಲು ತುಂಬಿಕೊಳ್ಳಬೇಕಿತ್ತು. ಆ ವರ್ಷ ಹೆಸ್ಟರ್ ಕಾಯಿಸಿದ ಏಲ್ ಎರಡು ಸಲ ಹುಳಿಯಾಗಿ ತಿರಸ್ಕಾರಗೊಂಡಿತ್ತು. ಮೂರನೆಯದು ಸುಗ್ಗಿಯ ಊಟದ ದಿನ ಒಪ್ಪಿಗೆಯಾಗದಿದ್ದರೆ ಕಾಯಿಸುವ ಹಕ್ಕು ಇನ್ನೊಬ್ಬರ ಪಾಲು; ಹಕ್ಕಿನ ಹಿಂದೆ ಮನೆಯೂ ಹೋಗುವುದಿತ್ತು.

ಏಲ್ ಹುದುಗುವಾಗ ಕಣ್ಣಿಗೆ ಕಾಣದ, ಉಸಿರುಗಟ್ಟಿಸುವ ಒಂದು ಕೆಟ್ಟ ಗಾಳಿ ಹುಟ್ಟಿ ನೆಲಮಾಳಿಗೆಯ ತಳದಲ್ಲಿ ನಿಲ್ಲುತ್ತದೆ. ನಮ್ಮ ನರಗುಂದದ ಕಡೆ ನೆಲದೊಳಗಿನ ಜೋಳದ ಹಗೇವನ್ನು ತೆರೆದಾಗ ಮೊದಲು ಕಂದೀಲು ಇಳಿಬಿಡುತ್ತಾರೆ. ಅದು ಆರಿದರೆ ಮನುಷ್ಯರು ಇಳಿಯುವುದಿಲ್ಲ. ಹೆಸ್ಟರಳೂ ಹಾಗೆಯೇ ಬುಟ್ಟಿಯಲ್ಲಿ ಮೇಣದಬತ್ತಿ ಇಟ್ಟು ಹಗ್ಗದಿಂದ ಇಳಿಸಿ ನೋಡುತ್ತಿದ್ದಳು. ಆ ದಿನ ಇಳಿಸಿದ ಬತ್ತಿ ಆರಿಹೋಯಿತು. ಇನ್ನೊಂದನ್ನು ಇಳಿಸಿದಳು, ಅದೂ ಆರಿತು. ಎರಡನ್ನೂ ಮಡಿಲ ಚೀಲಕ್ಕೆ ತುರುಕುವಷ್ಟರಲ್ಲಿ ರುಚಿಗಾರ ಆಂಬ್ರೋಸ್ ಪೆಲ್ ಬಾಗಿಲಲ್ಲಿ ನಿಂತಿದ್ದ.

“ಏನು ಹೆಸ್ಟರ್, ಈ ಸಲವೂ ಹುಳಿನೀರೇ? ಮೊದಲೇ ಹೇಳಿದ್ದರೆ ನೆನೆಹಾಕೋಕೆ ಈರುಳ್ಳಿ ತರ್ತಿದ್ದೆ.”

“ಇದನ್ನು ಕುಡಿದರೆ ನೀವು ಹಾಡ್ತೀರಿ, ಪೆಲ್ ಅವರೆ.”

“ನಾನು ಹಾಡಿದರೆ ನಿನ್ನ ಗಿರಾಕಿಗಳು ಓಡಿಹೋಗ್ತಾರೆ ಕಣಮ್ಮ. ಕೊಡು, ದೀಪ ಕೊಡು.”

ನಾಳೆ ಬನ್ನಿ ಎನ್ನಬಹುದಿತ್ತು. ಆದರೆ ನಾಳೆಯೆಂದರೆ ಸುಗ್ಗಿಯ ಊಟ ಮುಗಿದುಹೋಗಿರುತ್ತಿತ್ತು. ಹೆಸ್ಟರ್ ಮೂರನೆಯ ಮೇಣದಬತ್ತಿ ಹೊತ್ತಿಸಿ ಅವನ ಕೈಗೆ ಕೊಟ್ಟಳು. ಅವನು ಇಳಿದ. ಐದನೆಯ ಮೆಟ್ಟಿಲಲ್ಲಿ ಬೆಳಕು ಹೋಯಿತು. “ನಿನ್ನ ಮೇಣವೂ ನಿನ್ನ ಏಲಿನ ಹಾಗೇ!” ಎಂದು ಕತ್ತಲೊಳಗಿಂದ ನಗು ಕೇಳಿಸಿತು. ಬತ್ತಿ ಇಳಿಸಿ ನೋಡದೆ ಹೆಸ್ಟರ್ ಯಾರನ್ನೂ ಕಳಿಸುವವಳಲ್ಲ ಎಂಬ ನಂಬಿಕೆ ಅವನದು; ಇಳಿದು ಇಳಿದು ಆ ಮೆಟ್ಟಿಲುಗಳ ಲೆಕ್ಕ ಅವನ ಕಾಲಿಗೇ ಗೊತ್ತಿತ್ತು, ನಿಲ್ಲಲಿಲ್ಲ. ಮೇಲೆ ಬನ್ನಿ ಎಂಬ ಮಾತು ಹೆಸ್ಟರಳ ಬಾಯಿಂದ ಹೊರಟದ್ದು, ತವರದ ಬಟ್ಟಲು ಕಲ್ಲಿಗೆ ಬಡಿದು ಉರುಳಿದ ಸದ್ದಾದ ಮೇಲೆ.

ಕೂಗಿಗೆ ಜನ ಸೇರಿದರು. ಪೆಲ್ಲನ ತಮ್ಮ ಇಳಿಯಹೋದಾಗ ಹೆಸ್ಟರ್ ಮೆಟ್ಟಿಲಿಗೆ ಅಡ್ಡ ಮಲಗಿಬಿಟ್ಟಳಂತೆ. ಕೊನೆಗೆ ಕೊಕ್ಕೆ ಹಾಕಿ ಎಳೆದರು, ದೇಹ ಬಂತು. “ಬತ್ತಿ ಇಳಿಸಿ ನೋಡಿದ್ದೆಯಾ?” ಎಂದು ತಮ್ಮ ಕೇಳಿದ. ಮರೆತೆ ಎಂದಿದ್ದರೆ ಊರು ನಂಬುತ್ತಿತ್ತು. ಹೆಸ್ಟರ್ ಮಡಿಲಿಂದ ಎರಡು ಬತ್ತಿ ತೆಗೆದು ಮೇಜಿನ ಮೇಲಿಟ್ಟು, “ಎರಡು ಸಲ ನೋಡಿದೆ. ಎರಡೂ ಆರಿದವು” ಎಂದಳು. ಕೇಳಿದವರಿಗೆ ಸಿಟ್ಟು ಕೂಡ ಬರಲಿಲ್ಲ. ಸುಗ್ಗಿಯ ಕುಡುಗೋಲು ಹಿಡಿದು ಬಂದಿದ್ದ ಗಂಡಸರು, ಊಟಕ್ಕೆ ರೊಟ್ಟಿ ಹೊತ್ತು ತಂದ ಹೆಂಗಸರು, ಇದ್ದಲ್ಲೇ ಕಲ್ಲಾದರು. ದಿನವೂ ನಗುತ್ತ ಬಡಿಸುತ್ತಿದ್ದ ಕೈ ಅದು.

ಹೆಸ್ಟರ್ ಅಂದೇ ಗುಡ್ಡ ದಾಟಿ ಹೋದಳು ಎಂದು ಕೆಲವರು ಹೇಳುತ್ತಾರೆ. ವಿನಿಫ್ರೆಡ್ ಒಪ್ಪುವುದಿಲ್ಲ. ಊರು ಅವಳನ್ನು ಹೋಗಗೊಡಲಿಲ್ಲವಂತೆ. ದಿನವೂ ನಡುಮಧ್ಯಾಹ್ನ ಎಲ್ಲರೆದುರು ಬತ್ತಿ ಇಳಿಸಬೇಕು, ಕಂಡದ್ದನ್ನು ಗಟ್ಟಿಯಾಗಿ ಹೇಳಬೇಕು, ಅದೇ ಶಿಕ್ಷೆ. ಪೆಲ್ಲನ ತಮ್ಮ ಎದುರಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದ. ಇಪ್ಪತ್ತಾರು ವರ್ಷ ಹೀಗೆ ನಡೆಯಿತು ಎನ್ನುತ್ತಾರೆ.

ನನ್ನ ಕೈಯಲ್ಲಿದ್ದ ಪೈಯ ತುಂಡು ತಣ್ಣಗಾಗಿತ್ತು. ಅಷ್ಟರಲ್ಲಿ ಹನ್ನೆರಡು ಹೊಡೆಯಿತು. ನೆಲಮಾಳಿಗೆಗೆ ಈಗ ಗಾಳಿಯಂತ್ರವಿದೆ, ಎಚ್ಚರಿಕೆಯ ಗಂಟೆಯಿದೆ. ಆದರೂ ವಿನಿಫ್ರೆಡ್ ಎದ್ದು ನೆಲದ ಹಲಗೆ ಸರಿಸಿ, ಬುಟ್ಟಿಯಲ್ಲಿ ಬತ್ತಿ ಹೊತ್ತಿಸಿ ಇಳಿಬಿಟ್ಟಳು. ಹಗ್ಗ ಎಳೆದಳು. ಬುಟ್ಟಿ ಕತ್ತಲಾಗಿ ಬಂತು. ಎಚ್ಚರಿಕೆಯ ಗಂಟೆ ಬಡಿದಿರಲಿಲ್ಲ. ಯಂತ್ರ ಯಾವಾಗ ನಿಂತಿತ್ತೋ ಯಾರಿಗೂ ಗೊತ್ತಿರಲಿಲ್ಲ.

“ಆರಿದೆ!” ಎಂದು ವಿನಿಫ್ರೆಡ್ ಕೂಗಿ ಹಲಗೆ ಮುಚ್ಚಿದಳು. ಈ ಏಲಿಗಾಗಿಯೇ ಹನ್ನೊಂದು ಮೈಲಿ ನಡೆದುಬಂದಿದ್ದ ಮುದುಕನೊಬ್ಬ ಖಾಲಿ ಲೋಟವನ್ನು ಮೆಲ್ಲಗೆ ಬೋರಲು ಹಾಕಿ, “ಸರಿ ವಿನೀ, ಪೈಯ ಜೊತೆ ನೀರೇ ಕೊಡು” ಎಂದ. ಅವಳು ನೀರು ಕೊಡುವ ಮೊದಲು ಹೊರಗೆ ಹೋಗಿ ಬಾಗಿಲ ಮೇಲಿನ ಪೊರಕೆ ಇಳಿಸಿದಳು.

ಕೆಲ್ಡರ್‌ಬೆಕ್‌ಗೆ ಹೋದವರು ಈಗಲೂ ಮೊದಲು ಬಾಗಿಲ ಮೇಲೆ ನೋಡುತ್ತಾರೆ. ಪೊರಕೆ ಇದ್ದರೆ ಏಲ್ ಇದೆ. ಇಲ್ಲದಿದ್ದರೆ, ಒಳಗೆ ಯಾರೋ ನಿಜ ಹೇಳಿದ್ದಾರೆ.