ಚಿಕ್ಕರಂಗನ ಬೆನ್ನೊಳಗಿನ ಅಕ್ಕ ತಂಗಿ

ಒಂದಾನೊಂದು ಕಾಲದಲ್ಲಿ ಅಕ್ಕಸಾಲಿಗರ ಬೀದಿ ಹಿಂದುಗಡೆ ದ್ಯಾವಮ್ಮ ಅಂತ ಒಬ್ಬಳಿದ್ಳಂತೆ. ಅವಳ ಗಂಡ ಚಿಕ್ಕರಂಗ ಅಕ್ಕಸಾಲಿಗರ ಅಂಗಡಿ ಮುಂದಿನ ಮಣ್ಣೆಲ್ಲ ಗುಡಿಸ್ಕೊಂಡು ಬಂದು, ಮರದ ಮರಿಗೆಗೆ ಹಾಕಿ, ನೀರಲ್ಲಿ ಆಡಿಸಿ ಆಡಿಸಿ ಚಿನ್ನದ ಕಣ ತೆಗೀತಿದ್ದನಂತೆ. ಉಚ್ಚೆಗೆ ಅಂತ ಮಧ್ಯೆ ಎದ್ರೆ ಕಣ ಕೊಚ್ಕೊಂಡು ಹೋಗುತ್ತೆ ಅಂತ, ಆ ಪುಣ್ಯಾತ್ಮ ದಿನವೆಲ್ಲ ನೀರಲ್ಲಿ ಕೈಯಿಟ್ಟರೂ ಒಂದು ಗುಟುಕು ಕುಡೀತಿರಲಿಲ್ಲ! ಬಗ್ಗಿ ಬಗ್ಗಿ ಸೊಂಟ ಹಿಡ್ಕೊಂಡ್ರೆ ಸಂತೆಯಿಂದ ತಂದ ನೋವಿನ ಪುಡಿ ನುಂಗೋದು, ಊಟಕ್ಕೆ ದಿನಾ ಉಪ್ಪುಮೀನು.

ಆಮೇಲೇನಾಯ್ತು, ಅವನ ಮುಖ ಊದ್ತು, ಕಾಲು ಊದ್ತು, ಉಚ್ಚೆ ಕಟ್ಟೋಯ್ತು. ಇನ್ನು ಮೂರೇ ದಿನ ಅಂದ್ರಂತೆ ಊರೋರು. ದ್ಯಾವಮ್ಮ ಎದೆ ಬಡ್ಕೊಂಡು ಮದ್ದಿನಜ್ಜಿ ಹತ್ರ ಓಡಿದ್ಳು. ಆ ಅಜ್ಜಿ ಮನೆಗೆ ಬಂದು ಅವಳಿಗೊಂದು ಬೇರು ಅಗಿಸಿದ್ದೇ ತಡ, ದ್ಯಾವಮ್ಮ ಇರುವೆಯಷ್ಟಾಗಿ, ಗಂಡನ ಕಿವಿಯೊಳಗಿಂದ ಇಳಿದು ಬೆನ್ನ ಹತ್ರಕ್ಕೆ ಹೋದ್ಳಂತೆ.

ಅಲ್ಲಿ ಅಕ್ಕ ತಂಗಿ ಇಬ್ರು, ಅವರೆಕಾಳಿನ ಆಕಾರ, ಮುಷ್ಟಿಯಷ್ಟೇ ಗಾತ್ರ. ಕಿಡ್ನಿ ಅಂತೀರಲ್ಲ ನೀವು, ಅವರೇ. ರಕ್ತ ಬಂದ ಹಾಗೆಲ್ಲ ಜರಡಿ ಹಿಡಿದು ನೀರು, ಉಪ್ಪು, ಸಕ್ಕರೆ ಎಲ್ಲಾನೂ ಕೆಳಕ್ಕೆ ಬಿಡೋದು, ಆಮೇಲೆ ಮೈಗೆ ಬೇಕಾದ್ದನ್ನ ಆರಿಸಿ ಆರಿಸಿ ವಾಪಸ್ ಕಳಿಸೋದು, ಕಸ ಮಾತ್ರ ಹೊರಕ್ಕೆ. ಹುಟ್ಟಿದಾಗಿಂದ ಒಂದು ಗಳಿಗೆ ಕೂತಿಲ್ವಂತೆ! ಅಬ್ಬಬ್ಬಾ, ನನ್ನ ಗಂಡನಿಗಿಂತ ಜಾಣೆಯರು ಇದಾರಲ್ಲಪ್ಪ ಅಂತ ದ್ಯಾವಮ್ಮ ಮೂಗಿನ ಮೇಲೆ ಬೆರಳಿಟ್ಳು. ಆದ್ರೆ ಈಗ ಅಕ್ಕ ಸುಕ್ಕಿ ಮಲಗಿಬಿಟ್ಟಿದ್ಳು. ತಂಗಿ ಏದುಸಿರು ಬಿಡ್ತಾ, ಅವಳಿನ್ನು ಏಳಲ್ಲ ಕಣವ್ವ, ಇಬ್ಬರ ಕೆಲಸಾನೂ ನಾನೊಬ್ಬಳೇ ಮಾಡ್ತೀನಿ, ಆ ಪುಡಿ ಬಿಡಿಸು, ಉಪ್ಪು ಇಳಿಸು, ಬಾಯಾರಿದಾಗ ನೀರು ಕೊಡು ಅಂದ್ಳಂತೆ.

ಸರಿ, ದ್ಯಾವಮ್ಮ ಬಂದ ದಾರೀಲೇ ಹೊರಗೆ ಬಂದು ಮತ್ತೆ ಆಳೆತ್ತರ ಆದ್ಳಂತೆ. ಮೊದಲನೇ ದಿನ ಚಿಕ್ಕರಂಗ ಪುಡಿ ಕೊಡೇ ಅಂತ ಗೋಗರೆದ, ಇವಳು ಅದನ್ನ ಒಲೆಗೆ ಹಾಕಿದ್ಳು. ಎರಡನೇ ದಿನ ಗಂಜಿ ಸಪ್ಪೆ ಅಂತ ತಟ್ಟೆ ಬಿಸಾಕ್ದ, ಇವಳು ಇನ್ನೊಂದು ತಟ್ಟೆ ಇಟ್ಳು. ಮೂರನೇ ದಿನ ಊರೋರು ಚಟ್ಟಕ್ಕೆ ಬಿದಿರು ಕಡಿಯೋಕೆ ಮಚ್ಚು ತಗೊಂಡು ಹೊರಟೇಬಿಟ್ಟಿದ್ರು. ಇವನ ತುಟಿ ಒಣಗಿತ್ತು, ಆದ್ರೂ ಹಳೇ ಚಾಳಿಗೆ ನೀರು ಬೇಡ ಅಂತ ಹಲ್ಲು ಕಚ್ಚಿದ್ದ. ದ್ಯಾವಮ್ಮ ತೊಡೆ ಮೇಲೆ ತಲೆ ಇಟ್ಕೊಂಡು, ಬೈದು, ಮುದ್ದು ಮಾಡಿ, ಹನಿ ಹನಿಯಾಗಿ ಕುಡಿಸಿದ್ಳಂತೆ.

ಆಮೇಲೆ ಅವನು ಗೋಡೆ ಹಿಡ್ಕೊಂಡು ಹಿತ್ತಲಿಗೆ ಹೋದ. ಅಲ್ಲಿಂದಲೇ, ಲೇ ದ್ಯಾವೀ, ಬಂತು ಕಣೇ, ಬಂತು! ಅಂತ ಕೂಗಿದ. ಊರೋರು ಮಚ್ಚು ಕೆಳಗಿಟ್ರು. ಹಿಡಿ ಚಿನ್ನ ಸಿಕ್ಕಿದ್ರೂ ಅಷ್ಟು ಖುಷಿ ಆಗ್ತಿರಲಿಲ್ಲ, ದ್ಯಾವಮ್ಮ ಗಳಗಳ ಅತ್ತೇಬಿಟ್ಳಂತೆ. ಕಿಸಿಕಿಸಿ ನಗಬೇಡ ಕಣೋ, ನಗೋ ಮಾತಲ್ಲ ಅದು.

ತಂಗಿ ಒಬ್ಬಳೇ ದುಡಿದು ಅವನನ್ನ ಮುದುಕ ಆಗೋವರೆಗೂ ಸಾಕಿದ್ಳಂತೆ. ಅಲ್ಲಿಗೆ ಕತೆ ಮುಗೀತು. ಎದ್ದೇಳು, ಉಚ್ಚೆ ಹುಯ್ದು ಬಂದು ಮಲಕ್ಕೋ, ನಿನ್ನೊಳಗಿರೋ ಆ ಇಬ್ರನ್ನ ಕಾಯಿಸಬೇಡ.